ಯಾರ ಹೆಸರಿಗೆ

ಕರಂಗ್‌ಸಾರಿ, ಮಧ್ಯ ಜಾವಾ
14 ಜನವರಿ 2024

ಅಪ್ಪನಿಗೆ ಜೈಭೀಮ್.

ನಿನ್ನೆ ಫೋನಿನಲ್ಲಿ ಅರ್ಧ ಗಂಟೆ ಕೂಗಿದೆ. ನಾನು ಮೇಕೆಯ ವಿಷಯ ಹೇಳಿದರೆ ನೀನು ಊಟದ ವಿಷಯಕ್ಕೆ ಉತ್ತರ ಕೊಟ್ಟೆ. ಮೂವತ್ತೊಂದು ವರ್ಷ ಕಾರ್ಖಾನೆಯ ಮೆಷಿನ್ನಿನ ಪಕ್ಕ ನಿಂತ ಕಿವಿ, ಅದನ್ನು ಇನ್ನು ಪೀಡಿಸುವುದು ಬೇಡ. ಕಾಗದ ಬರೆಯೋಣ. ನೀನು ಬರೆದದ್ದನ್ನು ಫೋಟೋ ತೆಗೆದು ವಾಟ್ಸಾಪಿಗೆ ಹಾಕು, ನಾನೂ ಹಾಗೇ ಮಾಡುತ್ತೇನೆ. ಓದು ಬರದವರ ಅರ್ಜಿಗಳನ್ನೆಲ್ಲ ಬರೆದುಕೊಟ್ಟು, ಅವರ ಹೆಬ್ಬೆಟ್ಟಿನ ಕೆಳಗೆ ‘ಬಿಕ್ಕಲಂ: ಸಣ್ಣಮಾದಯ್ಯ’ ಎಂದು ಬರೆದವನ ಹೆಸರು ಹಾಕಿ ಗತ್ತಿನಿಂದ ಸಹಿ ಮಾಡುತ್ತಿದ್ದವನು ನೀನು. ನಿನಗೆ ಕಾಗದವೇನು ಹೊಸದೇ.

ಬೆಂಗಳೂರಿನಿಂದ ಕೌಲಾಲಂಪುರ, ಅಲ್ಲಿಂದ ಯೋಗ್ಯಕರ್ತ, ಆಮೇಲೆ ಎರಡು ಬಸ್ಸು, ಕೊನೆಗೆ ಒಬ್ಬರ ಬೈಕಿನ ಹಿಂದೆ ಸೂಟ್‌ಕೇಸ್ ತೊಡೆಯ ಮೇಲಿಟ್ಟುಕೊಂಡು ಗುಡ್ಡ ಹತ್ತಿದೆ. ಎರಡು ವರ್ಷದ ಹಿಂದೆ ನಮ್ಮ ಬುದ್ಧ ವಿಹಾರದವರ ಜೊತೆ ಬೊರೊಬುದೂರಿನ ಸ್ತೂಪ ನೋಡಲು ಬಂದಾಗ ಮೂರು ದಿನ ತಂಗಿದ್ದ ಮನೆಗೇ ಈಗ ಬಾಡಿಗೆಗೆ ಬಂದಿದ್ದೇನೆ. ಆವತ್ತು ಮಂಡಿ ನೋವು ಅಂತ ನಿನ್ನ ಬದಲು ನನ್ನನ್ನು ಕಳಿಸಿದವನು ನೀನೇ, ಹಾಗಾಗಿ ತಪ್ಪೂ ನಿನ್ನದೇ.

ಮನೆಯೊಡತಿಯ ಹೆಸರು ಸೂರ್ಯಾತಿ. ಅರವತ್ತು ದಾಟಿದೆ. ಎಲ್ಲರೂ ‘ಬು ಸೂರ್ಯಾತಿ’ ಎನ್ನುತ್ತಾರೆ, ಬು ಎಂದರೆ ಅಮ್ಮ. ಅವರು ಬೌದ್ಧರು, ಅಳಿಯ ಮುಸಲ್ಮಾನ. ಒಂದೇ ಅಡುಗೆಮನೆ, ಒಂದೇ ಅನ್ನದ ಪಾತ್ರೆ. ಊರಿನಲ್ಲಿ ಅರ್ಧಕ್ಕರ್ಧ ಮನೆಗಳು ಹೀಗೇ. ನಾನು ಕಣ್ಣರಳಿಸಿ ನೋಡಿದರೆ ಅವರು ನನ್ನನ್ನೇ ವಿಚಿತ್ರವಾಗಿ ನೋಡುತ್ತಾರೆ.

ಇಲ್ಲಿ ನಾನು ಹೂಡಿದ ಮೊದಲ ಬಂಡವಾಳ ಮೂರು ಮೇಕೆ. ಪಕ್ಕದ ಮನೆಯವರಿಗೆ ಸಾಕಲು ಕೊಟ್ಟಿದ್ದೇನೆ. ಹುಟ್ಟಿದ ಮರಿಯಲ್ಲಿ ಒಂದು ಅವರಿಗೆ, ಒಂದು ನನಗೆ. ನಮ್ಮ ಕಡೆ ಪಾಲಿಗೆ ಕೊಡುತ್ತಾರಲ್ಲ, ಥೇಟ್ ಅದೇ. ಕಾಗದವಿಲ್ಲ, ಪತ್ರವಿಲ್ಲ, ಒಂದು ಲೋಟ ಸಿಹಿ ಟೀ ಕುಡಿದೆವು, ಅಷ್ಟೇ.

ಈಗ ನಿಜವಾದ ವಿಷಯ. ಸೂರ್ಯಾತಿಯವರ ತೋಟಕ್ಕೆ ಅಂಟಿಕೊಂಡಂತೆ ಹದಿನೈದು ಗುಂಟೆ ಕಾಫಿ ಮಾರಾಟಕ್ಕಿದೆ. ನಡುವೆ ವೆನಿಲ್ಲಾ ಬಳ್ಳಿ. ಹನ್ನೆರಡು ವರ್ಷ ಕಾಫಿಪುಡಿ ಕಂಪನಿಯಲ್ಲಿ ರುಚಿ ನೋಡಿ ನೋಡಿ ಉಗುಳಿದ ನಾಲಿಗೆ ನನ್ನದು. ಇದು ಒಳ್ಳೆಯ ಕಾಫಿ ಅಪ್ಪ, ಇಲ್ಲಿಯವರು ಅದನ್ನು ಕೆಡಿಸಿ ಒಣಗಿಸುತ್ತಾರೆ ಅಷ್ಟೇ. ತೋಟದ ಅಂಚಿನಲ್ಲಿ ಎರಡು ಕೋಣೆ ಕಟ್ಟಿದರೆ ಬೊರೊಬುದೂರಿಗೆ ಬರುವವರು ತಂಗುತ್ತಾರೆ. ಹೊರದೇಶದವರ ಹೆಸರಿಗೆ ಸಾಗುವಳಿ ಜಮೀನು ಬರೆಯುವಂತಿಲ್ಲ. ಸೂರ್ಯಾತಿಯವರ ಹೆಸರಿಗೆ ಕೊಂಡರೆ ಆಯಿತು. ಕಡಕೊಳದ ಸೈಟು ನನ್ನ ಮದುವೆಗೆ ಅಂತ ಇಟ್ಟಿದ್ದೆಯಲ್ಲ. ಮೂವತ್ತೇಳು ತುಂಬಿತು, ಮದುವೆಯ ಆಸೆ ನಿನಗೂ ಹೋಗಿದೆ, ನನಗೂ ಇಲ್ಲ. ಅದನ್ನು ಮಾರಿ ಕೊಡುತ್ತೀಯಾ?

ದೊಡ್ಡವ್ವ ಹೇಗಿದ್ದಾರೆ? ಕಡಕೊಳದ ಕಡೆ ಹೋಗಿದ್ದೆಯಾ? ಅವರ ಕೈಯ ಹುರುಳಿ ಬಸ್ಸಾರು ನೆನಪಾಗುತ್ತಿದೆ.

ಮಂಡಿಗೆ ಎಣ್ಣೆ ತಿಕ್ಕಿಕೊ.
ನಿನ್ನ ಪ್ರೀತಿ


ಮೇಟಗಳ್ಳಿ, ಮೈಸೂರು
28-1-2024

ಚಿ. ಪ್ರೀತಿಗೆ ಅಪ್ಪನ ಆಶೀರ್ವಾದ.

ಕಾಗದ ಮೂರು ಸಲ ಓದಿದೆ. ಭಾನುವಾರ ವಿಹಾರದಲ್ಲಿ ಚಂದ್ರಮೌಳಿಗೂ ಓದಿ ಹೇಳಿದೆ. ಒಂದೇ ಅಡುಗೆಮನೆ ಅನ್ನುವ ಸಾಲನ್ನು ಅವನು ಇನ್ನೊಂದು ಸಲ ಓದಿಸಿಕೊಂಡ. ಆಮೇಲೆ, ಅಲ್ಲಿ ಅನ್ನಕ್ಕೆ ಸಾರು ಏನು ಅಂತ ಕೇಳಿದ. ಬರೆದು ತಿಳಿಸು.

ಕೋಣೆ ಕಟ್ಟು, ಕಾಫಿ ಒಣಗಿಸು, ನಿನ್ನ ಕೆಲಸ ನಿನಗೆ ಗೊತ್ತು. ಆದರೆ ಜಮೀನು ಇನ್ನೊಬ್ಬರ ಹೆಸರಿಗೆ ಬೇಡ. ಕಾಗದದಲ್ಲಿ ಯಾರ ಹೆಸರಿದೆಯೋ ಜಮೀನು ಅವರದು. ಮನಸ್ಸಿನಲ್ಲಿರುವುದನ್ನು ಯಾವ ಊರಿನ ಸಬ್‌ರಿಜಿಸ್ಟ್ರಾರೂ ನೋಂದಣಿ ಮಾಡಿಕೊಳ್ಳುವುದಿಲ್ಲ. ಆಕೆ ಒಳ್ಳೆಯವರು ಅಂತ ನೀನು ಬರೆಯುತ್ತೀಯೆ. ಇರಬಹುದು. ಈ ಕೆಲಸ ಆಗುವುದು ಒಳ್ಳೆಯವರ ಕೈಯಲ್ಲೇ. ಕೆಟ್ಟವರ ಹೆಸರಿಗೆ ಯಾರು ತಾನೇ ಬರೆಸುತ್ತಾರೆ? ಮೊದಲ ವರ್ಷ ಅವರಿಗೆ ನಿನ್ನ ನೆನಪಿರುತ್ತದೆ. ಐದನೇ ವರ್ಷ ಮಗಳ ಕಾಯಿಲೆಯೋ ಮನೆಯ ಚಾವಣಿಯೋ ಬರುತ್ತದೆ. ಹತ್ತನೇ ವರ್ಷಕ್ಕೆ ಅದು ತನ್ನದೇ ಅಂತ ಅವರಿಗೇ ನಂಬಿಕೆ ಬಂದುಬಿಟ್ಟಿರುತ್ತದೆ. ಮೋಸ ಮಾಡುತ್ತಿದ್ದೇನೆ ಅಂತ ಅನ್ನಿಸುವುದೂ ಇಲ್ಲ.

ಸೈಟಿನ ವಿಷಯ ಯೋಚಿಸಿ ಬರೆಯುತ್ತೇನೆ. ಮಂಡಿ ಹಾಗೇ ಇದೆ.

ಇಂತಿ, ಅಪ್ಪ


ಕರಂಗ್‌ಸಾರಿ
20 ಫೆಬ್ರವರಿ 2024

ಅಪ್ಪ,

ಮೊದಲು ಒಂದು ದೂರು. ನಿನ್ನ ಕಾಗದದ ಫೋಟೋದಲ್ಲಿ ಎಡಗಡೆ ಮೂಲೆ ತುಂಬ ನಿನ್ನ ಹೆಬ್ಬೆರಳೇ ಇತ್ತು. ಎರಡು ಸಾಲು ಊಹೆ ಮಾಡಿ ಓದಿದೆ. ಚಂದ್ರಮೌಳಿ ಮಾವನಿಗೆ ಹೇಳು, ಇಲ್ಲಿ ಸಾರೆಂದರೆ ತೆಂಗಿನಹಾಲು ಹಾಕಿದ ತರಕಾರಿ, ಪಕ್ಕದಲ್ಲಿ ಹುಳಿಬರಿಸಿದ ಸೋಯಾದ ಬಿಲ್ಲೆ. ಮೊದಲ ತಿಂಗಳು ಅತ್ತೆ, ಈಗ ಅದೇ ಬೇಕು.

ಹೋದ ವಾರ ಊರಿನಲ್ಲೊಬ್ಬರ ಚಾವಣಿ ಗಾಳಿಗೆ ಹಾರಿತು. ಬೆಳಗಾಗುತ್ತಲೇ ಕರೆಯದೇ ನಲವತ್ತು ಜನ ಬಂದರು. ಗಂಡಸರು ಬಿದಿರು ಹೊತ್ತರು, ಹೆಂಗಸರು ಬೇಯಿಸಿದರು. ನಾನೂ ಹೋಗಿ ಮೆಣಸಿನಕಾಯಿ ಅರೆದೆ. ಸಂಜೆಗೆ ಹೊಸ ಹೆಂಚು. ಕೂಲಿ ಅಂತ ಯಾರೂ ಕೇಳಲಿಲ್ಲ. ನಾಳೆ ಅವರ ಮನೆಗೆ ಇವರು ಬರುತ್ತಾರೆ, ಅದೇ ಲೆಕ್ಕ.

ನೀನು ಕೇಳದಿದ್ದರೂ ಒಂದು ಮಾತು ಹೇಳಬೇಕು. ಲಕ್ಷ್ಮೀಪುರಂನಲ್ಲಿ ಬಾಡಿಗೆ ಮನೆ ಹುಡುಕಿದ್ದು ನೆನಪಿದೆಯಾ? ನನ್ನ ಹೆಸರು ಕೇಳಿದರು, ಸಂಬಳ ಕೇಳಿದರು, ನಗುನಗುತ್ತಾ ಕಾಫಿಯನ್ನೂ ಕೊಟ್ಟರು. ಆಮೇಲೆ ಅಪ್ಪನ ಹೆಸರು ಕೇಳಿದರು. ‘ಫೋನ್ ಮಾಡ್ತೀವಿ ಕಣಮ್ಮ’ ಅಂದವರು ಇವತ್ತಿಗೂ ಮಾಡಿಲ್ಲ. ಇಲ್ಲಿ ದಿನಕ್ಕೆ ಇಪ್ಪತ್ತು ಜನ ನನ್ನನ್ನು ಮಾತಾಡಿಸುತ್ತಾರೆ. ಕೇಳುವುದು ಎರಡೇ, ಎಲ್ಲಿಗೆ ಹೊರಟೆ, ಸ್ನಾನ ಆಯಿತಾ. ಮೊದಲು ನಗು ಬರುತ್ತಿತ್ತು. ಒಂದು ದಿನ ಹೊಳೆಯ ಹತ್ತಿರ ನಿಂತು ಅತ್ತುಬಿಟ್ಟೆ. ನನಗೆ ಇಲ್ಲೇ ಇರಬೇಕು ಅನ್ನಿಸುತ್ತಿದೆ ಅಪ್ಪ. ನೆಂಟಳಾಗಿ ಅಲ್ಲ, ಬೇರು ಬಿಟ್ಟು ಇರಬೇಕು. ಅದಕ್ಕೆ ಒಂದು ತುಂಡು ನೆಲ ಬೇಕು.

ನೀನು ಅನುಭವಿಸಿದವನ ಹಾಗೆ ಬರೆದಿದ್ದೀಯೆ. ಐದನೇ ವರ್ಷ ಹೀಗೆ, ಹತ್ತನೇ ವರ್ಷ ಹಾಗೆ ಅಂತ. ನಮ್ಮ ತಾತನಿಗೆ ಯಾರಾದರೂ ಹೀಗೆ ಮೋಸ ಮಾಡಿದ್ದರಾ? ನನಗೆ ಯಾವತ್ತೂ ಹೇಳಿಲ್ಲ.

ದೊಡ್ಡವ್ವನ ಬಗ್ಗೆ ಕೇಳಿದ್ದೆ. ಅದಕ್ಕೂ ನಿನ್ನ ಹೆಬ್ಬೆರಳು ಅಡ್ಡ ಬಂತೇನೋ, ಉತ್ತರ ಕಾಣಲಿಲ್ಲ.

ಪ್ರೀತಿ


ಮೇಟಗಳ್ಳಿ
3-3-2024

ಪ್ರೀತಿಗೆ,

ತಾತನಿಗೆ ಯಾರೂ ಮೋಸ ಮಾಡಲಿಲ್ಲ. ತಾತನಿಗೆ ಜಮೀನೇ ಇರಲಿಲ್ಲ.

ಸೈಟು ಮಾರುವುದಿಲ್ಲ. ನಿನ್ನ ದೊಡ್ಡವ್ವ ಚೆನ್ನಾಗಿದ್ದಾರೆ.

ಇಲ್ಲಿ ಬಿಸಿಲು ಜಾಸ್ತಿ.

ಅಪ್ಪ


ಕರಂಗ್‌ಸಾರಿ
30 ಏಪ್ರಿಲ್ 2024

ಅಪ್ಪನಿಗೆ,

ಎರಡು ತಿಂಗಳು ಬರೆಯಲಿಲ್ಲ. ಕೋಪ ಇತ್ತು, ಸುಳ್ಳು ಹೇಳುವುದಿಲ್ಲ. ಮೂರು ಸಾಲು ಬರೆದು ಬಿಸಿಲಿನ ಸುದ್ದಿ ಹೇಳುವ ಅಪ್ಪನಿಗೆ ಏನು ಬರೆಯಲಿ ಅಂತ ಸುಮ್ಮನಿದ್ದೆ.

ನಿನ್ನ ಸಹಾಯವಿಲ್ಲದೇ ಮಾಡಿ ತೋರಿಸುತ್ತೇನೆ ಅಂತ ಹಟ ಹಿಡಿದೆ. ನನ್ನ ಪಿ.ಎಫ್. ದುಡ್ಡು, ಅವ್ವ ಬಿಟ್ಟುಹೋದ ಬಳೆ, ಎರಡನ್ನೂ ಸೇರಿಸಿದರೆ ಮುಂಗಡಕ್ಕೆ ಸಾಕಾಗುತ್ತಿತ್ತು. ರಂಜಾನ್ ಹಬ್ಬ ಮುಗಿಯಲಿ ಅಂತ ಕಾದೆ. ಹಬ್ಬದ ದಿನ ಬೌದ್ಧರೆಲ್ಲ ಹೊಸ ಬಟ್ಟೆ ಹಾಕಿಕೊಂಡು ಮುಸಲ್ಮಾನರ ಮನೆಮನೆಗೆ ಹೋದರು. ವೈಶಾಖ ಹುಣ್ಣಿಮೆಗೆ ಅವರು ಇವರ ಮನೆಗೆ ಬರುತ್ತಾರಂತೆ. ದೊಡ್ಡವರ ಮುಂದೆ ಮಂಡಿಯೂರಿ, ಗೊತ್ತಿದ್ದೂ ಗೊತ್ತಿಲ್ಲದೆಯೂ ಮಾಡಿದ್ದನ್ನು ಕ್ಷಮಿಸಿ ಅಂತ ಬಾಯಿಬಿಟ್ಟು ಕೇಳುತ್ತಾರೆ. ಎಂಬತ್ತು ವರ್ಷದ ಅಣ್ಣನ ಕೈ ಹಿಡಿದು ಎಪ್ಪತ್ತು ವರ್ಷದ ತಮ್ಮ ಕೇಳಿದ್ದನ್ನು ನೋಡಿದೆ.

ಮಾರನೆಯ ದಿನ ಸೂರ್ಯಾತಿಯವರಿಗೆ ಜಮೀನಿನ ವಿಷಯ ಹೇಳಿದೆ. ಎಲ್ಲ ನಿಮ್ಮ ಹೆಸರಿಗೆ, ನೀವು ಸಹಿ ಹಾಕಿದರೆ ಸಾಕು ಅಂದೆ. ಅವರು ಕೊತ್ತಂಬರಿ ಬಿಡಿಸುತ್ತಿದ್ದವರು ನಿಲ್ಲಿಸಲೂ ಇಲ್ಲ. ಬೇಡ ಅಂದರು.

ನನ್ನ ಮೇಲೆ ನಂಬಿಕೆ ಇಲ್ಲವಾ ಅಂತ ಕೇಳಿದೆ. ‘ನಿನ್ನ ಮೇಲೆ ಇದೆ. ನನ್ನ ಮೇಲೆ ಇಲ್ಲ. ಇವತ್ತು ನಾನು ಒಳ್ಳೆಯವಳು. ದಿನಾ ಬೆಳಿಗ್ಗೆ ಎದ್ದು ಆ ತೋಟ ನೋಡಿ, ಅದರ ಕಾಗದದಲ್ಲಿ ನನ್ನ ಹೆಸರಿದೆ ಅಂತ ನೆನೆದು ನೆನೆದು, ಹತ್ತು ವರ್ಷ ಆದಮೇಲೂ ಅದು ನಿನ್ನದು ಅಂತಲೇ ಅನ್ನಿಸುತ್ತಾ? ನನಗೆ ಗೊತ್ತಿಲ್ಲ. ನನ್ನನ್ನು ಆ ಪರೀಕ್ಷೆಗೆ ಕೂರಿಸಬೇಡ’ ಅಂದರು.

ನೀನು ಜನವರಿಯಲ್ಲಿ ಬರೆದ ಮಾತೇ. ನೀನು ಅವರ ಬಗ್ಗೆ ಹೇಳಿದ್ದನ್ನು ಅವರು ತಮ್ಮ ಬಗ್ಗೆ ತಾವೇ ಹೇಳಿದರು.

ಕೊನೆಗೆ ಅವರೇ ದಾರಿ ಹೇಳಿದರು. ಅವರ ತೋಟದ ಕಾಫಿಯನ್ನೇ ನಾನು ನೋಡಿಕೊಳ್ಳುವುದು, ಒಣಗಿಸುವ ಕಟ್ಟೆಗೂ ಸಿಪ್ಪೆ ಬಿಡಿಸುವ ಮೆಷಿನ್ನಿಗೂ ನನ್ನ ದುಡ್ಡು, ಬಂದದ್ದರಲ್ಲಿ ಅರ್ಧ ಅರ್ಧ. ಮೇಕೆಯ ಹಾಗೇ. ನೆಲ ಅವರದೇ. ಬೇರು ಬಿಡುವ ನನ್ನ ಆಸೆ ಏನಾಯಿತು ಅಂತ ಇನ್ನೂ ಗೊತ್ತಾಗಿಲ್ಲ. ಒಳಗೆ ಒಂಥರಾ ಖಾಲಿ ಇದೆ. ಸೈಟು ಇದ್ದರೆ ಇನ್ನೊಂದು ದಾರಿ ಹುಡುಕಬಹುದು ಅಂತ ಮನಸ್ಸು ಈಗಲೂ ಹೇಳುತ್ತದೆ.

ಪ್ರೀತಿ


ಮೇಟಗಳ್ಳಿ
26-5-2024

ಪ್ರೀತಿ ಮಗಳೇ,

ವೈಶಾಖ ಹುಣ್ಣಿಮೆಗೆ ವಿಹಾರಕ್ಕೆ ಹೋಗಿ ಒಳಗೆ ಕೂರಲಾಗದೇ ಎದ್ದು ಬಂದೆ. ಚಂದ್ರಮೌಳಿ ಮೈ ಸರಿಯಿಲ್ಲವೇ ಅಂದ. ಹೌದು ಅಂದೆ. ಮೂರು ದಿನದಿಂದ ಈ ಕಾಗದ ಬರೆಯುತ್ತಿದ್ದೇನೆ, ಹರಿಯುತ್ತಿದ್ದೇನೆ.

ಕಡಕೊಳದ ಹತ್ತಿರ ನಮಗೆ ಒಂದು ಎಕರೆ ಇತ್ತು. ನಿನಗೆ ಗೊತ್ತಿಲ್ಲ. ನೀನು ಹುಟ್ಟುವ ಮುಂಚೆ ಕೊಂಡದ್ದು. ಮುಕ್ಕಾಲು ಪಾಲು ದುಡ್ಡು ಅಣ್ಣನದು. ಇಟ್ಟಿಗೆ ಗೂಡಿನಲ್ಲಿ ಹನ್ನೊಂದು ವರ್ಷ ಮಣ್ಣು ತುಳಿದು ಕೂಡಿಟ್ಟದ್ದು, ಜೊತೆಗೆ ನಿನ್ನ ದೊಡ್ಡವ್ವನ ಕೊರಳಿನದು. ಕಾಲು ಪಾಲು ನನ್ನ ಸಂಬಳದ್ದು. ಬರೆಸಿದ್ದು ನನ್ನ ಹೆಸರಿಗೆ. ನಮ್ಮಲ್ಲಿ ಆಗ ರೂಢಿಯೇ ಹಾಗಿತ್ತು, ಸಹಿ ಬಲ್ಲವನ ಹೆಸರಿಗೆ. ‘ನಾನು ಹೆಬ್ಬೆಟ್ಟಿನವನು ಕಣ್ಲಾ, ನನ್ನ ಹೆಸ್ರಲ್ಲಿದ್ರೆ ಯಾರಾದ್ರೂ ಒತ್ತಿಸ್ಕಂಬುಡ್ತಾರೆ, ನಿನ್ ಹೆಸ್ರಲ್ಲಿದ್ರೆ ಭದ್ರ’ ಅಂತ ಅಣ್ಣನೇ ಹೇಳಿದ. ಭದ್ರ ಅಂತ.

ಅಣ್ಣ ಅಲ್ಲಿ ರಾಗಿ ಬೆಳೆದ. ಚೀಲ ಹೊತ್ತು ತಂದು ನಮ್ಮ ಮನೆಗೆ ಹಾಕುತ್ತಿದ್ದ. ಆಮೇಲೆ ಅಲ್ಲಿ ಕೈಗಾರಿಕೆ ಬಂತು, ಜಮೀನು ಹೋಯಿತು, ಪರಿಹಾರದ ಚೆಕ್ಕು ನನ್ನ ಹೆಸರಿಗೆ ಬಂತು. ಆ ವರ್ಷ ನಿನಗೆ ಎರಡು ಸಲ ನ್ಯುಮೋನಿಯಾ ಆಗಿತ್ತು, ಬಾಡಿಗೆ ಮನೆ ಸೋರುತ್ತಿತ್ತು. ಮೊದಲು ಮನೆ ಕಟ್ಟಿಬಿಡೋಣ, ಅಣ್ಣನ ಪಾಲು ಮುಂದಿನ ವರ್ಷ ಕೊಡೋಣ ಅಂದುಕೊಂಡೆ. ಮನೆ ಕಟ್ಟಿದೆ. ಉಳಿದದ್ದರಲ್ಲಿ ಆ ಸೈಟು ಕೊಂಡೆ. ಮುಂದಿನ ವರ್ಷ ಬರಲಿಲ್ಲ. ನಿನಗೆ ಬರೆದೆನಲ್ಲ, ಹತ್ತನೇ ವರ್ಷಕ್ಕೆ ತನ್ನದೇ ಅನ್ನಿಸುತ್ತದೆ ಅಂತ. ನನಗೆ ಅಷ್ಟು ಕಾಲವೂ ಬೇಕಾಗಲಿಲ್ಲ. ನಮ್ಮ ಜಮೀನಿನ ಮೇಲೆ ಎದ್ದ ಕಾರ್ಖಾನೆಯಲ್ಲೇ ಅಣ್ಣ ವಾಚ್‌ಮನ್ ಆಗಿ ಹದಿನಾಲ್ಕು ವರ್ಷ ಗೇಟು ಕಾದು ಸತ್ತ.

ಅಣ್ಣ ಒಂದು ದಿನವೂ ಕೇಳಲಿಲ್ಲ. ಕೇಳಿದ್ದರೆ ಕೊಡುತ್ತಿದ್ದೆ.

ನಾನು ನಿನ್ನ ಸೂರ್ಯಾತಿಯವರ ಮೇಲೆ ಸಂಶಯಪಟ್ಟೆ. ಆಕೆಯ ಮುಖವನ್ನೂ ನೋಡಿಲ್ಲ. ನನಗೆ ಗೊತ್ತಿದ್ದ ಒಬ್ಬನೇ ಒಬ್ಬ ಹೆಸರುದಾರ ನಾನು, ಅದಕ್ಕೇ ಎಲ್ಲರೂ ಹಾಗೇ ಅಂತ ತಿಳಿದುಕೊಂಡೆ. ಬೇಡ ಅಂತ ಹೇಳಬಹುದಿತ್ತು ಅನ್ನುವುದು ಈ ಅರವತ್ತೆಂಟು ವರ್ಷದಲ್ಲಿ ನನಗೆ ಹೊಳೆದಿರಲಿಲ್ಲ.

ಸೈಟು ಇನ್ನೂ ನನ್ನ ಹೆಸರಿನಲ್ಲಿದೆ. ನೀನು ಹೇಳಿದ ಹಾಗೆ ಮಾಡುತ್ತೇನೆ.

ಅಪ್ಪ


ಕರಂಗ್‌ಸಾರಿ
9 ಜೂನ್ 2024

ಅಪ್ಪ,

ಕಾಗದ ಬಂದ ಮೇಲೆ ಎರಡು ದಿನ ತೋಟದಲ್ಲೇ ಇದ್ದೆ. ಹಣ್ಣು ಬಿಡಿಸುವ ಕಾಲ, ಕೈಗೆ ಕೆಲಸ ಇತ್ತು.

ನಿನ್ನ ಮೇಲೆ ಸಿಟ್ಟು ಬಂತು. ಆಮೇಲೆ ಆ ಮನೆಯಲ್ಲಿ ಬೆಚ್ಚಗೆ ಮಲಗಿದವಳು ನಾನೇ ಅನ್ನುವುದು ನೆನಪಾಯಿತು. ನನ್ನ ಕಾಲೇಜಿನ ಫೀಜು, ನನ್ನ ಪಾಸ್‌ಪೋರ್ಟು, ಬೊರೊಬುದೂರಿನ ಯಾತ್ರೆ, ಎಲ್ಲದರ ಬುಡದಲ್ಲಿ ದೊಡ್ಡಪ್ಪ ತುಳಿದ ಮಣ್ಣಿದೆ. ಚಿಕ್ಕಂದಿನಲ್ಲಿ ಕಡಕೊಳಕ್ಕೆ ಹೋದಾಗ ಅವರು ವಾಚ್‌ಮನ್ ಟೋಪಿಯನ್ನು ನನ್ನ ತಲೆಗೆ ಹಾಕಿ ಸೆಲ್ಯೂಟ್ ಹೊಡೆಯುತ್ತಿದ್ದರು. ನಾನು ಅದನ್ನು ಆಟ ಅಂದುಕೊಂಡಿದ್ದೆ.

ನಾನು ಹೇಳಿದ ಹಾಗೆ ಮಾಡುತ್ತೇನೆ ಅಂದಿದ್ದೀಯೆ. ಹೇಳುತ್ತೇನೆ. ಸೈಟು ನನ್ನ ಮದುವೆಗೂ ಅಲ್ಲ, ಕಾಫಿಗೂ ಅಲ್ಲ. ನಾನು ಇನ್ನು ಕೇಳುವುದಿಲ್ಲ. ಕೊಡುವುದಕ್ಕೂ ಅದು ನನ್ನದಲ್ಲ. ದೊಡ್ಡವ್ವನ ಮನೆಗೆ ಹೋಗು. ಫೋನು ಬೇಡ, ಚಂದ್ರಮೌಳಿ ಮಾವನನ್ನು ಕಳಿಸಬೇಡ, ನೀನೇ ಹೋಗು. ಮಂಡಿ ನೋವಿದ್ದರೂ ಹೋಗು.

ಒಂದೇ ಒಂದು ಪ್ರಶ್ನೆ. ದೊಡ್ಡಪ್ಪ ನಿಜವಾಗಿಯೂ ಕೇಳಲಿಲ್ಲವಾ?

ನನಗೆ ಉತ್ತರ ಬರೆಯಬೇಕಾಗಿಲ್ಲ. ದೊಡ್ಡವ್ವನಿಗೆ ಏನಾದರೂ ಹೇಳುವುದಿದ್ದರೆ ಅದನ್ನು ಬರೆದುಕೊ. ಅದು ನಿನಗೆ ಬರುವ ಕೆಲಸ.

ಪ್ರೀತಿ


ಕಡಕೊಳ
14-7-2024

ಹೇಳುವವರು: ಸಿದ್ದಲಿಂಗಮ್ಮ, ದಿವಂಗತ ಚೆಲುವಯ್ಯನವರ ಪತ್ನಿ

ಪ್ರೀತಿ, ನಾನು ನಿಮ್ ದೊಡ್ಡವ್ವ ಕಣವ್ವ. ನಿಮ್ಮಪ್ಪ ಮುಂದ್ಗಡೆ ಕುಂತ್ಕಂಡು ಬರೀತಾವ್ನೆ. ನಾ ಹೇಳಿದ್ದ ಹೇಳ್ದಂಗೇ ಬರೀಬೇಕು, ನಿನ್ ಮಾತ ಸೇರುಸ್ಬ್ಯಾಡ ಅಂದಿವ್ನಿ. ಆಯ್ತತ್ತಿಗೆ ಅಂದವ್ನೆ.

ನೀನು ಎಲ್ಲೋ ಸಮುದ್ರ ದಾಟ್ಕಂಡು ಹೋಗಿ ಮೇಕೆ ಸಾಕ್ತಿದ್ದೀಯಂತಲ್ಲ. ಅದುಕ್ಕೆ ಅಷ್ಟು ದೂರ ಯಾಕವ್ವ ಹೋದೆ, ಇಲ್ಲೇ ಬಂದಿದ್ರೆ ನಾನೇ ಕೊಡ್ತಿದ್ನಲ್ಲ. ಇರ್ಲಿ ಬುಡು. ಅಲ್ಲಿ ಜನ ಚೆಂದಾಗವ್ರೆ, ಜಾತಿ ಗೀತಿ ಕೇಳಕ್ಕಿಲ್ಲ ಅಂತ ನಿಮ್ಮಪ್ಪ ಓದಿ ಹೇಳ್ದ. ಅಂಗಾದ್ರೆ ಇರು. ಹೊಟ್ಟೆ ತುಂಬ ಉಣ್ಣು.

ನಿಮ್ ದೊಡ್ಡಪ್ಪ ಒಂದಿನಾನೂ ಕೇಳ್ನಿಲ್ಲ ಅಂತ ನಿಂಗೆ ಬರ್ದವ್ನಂತೆ. ಕೇಳಕ್ಕೆ ಹೋಗಿದ್ರು ಕಣವ್ವ. ಒಂದೇ ಸಲ. ಮಳೆಗಾಲ, ನಮ್ಮನೆ ಗ್ವಾಡೆ ಬಿದ್ದೋಗಿತ್ತು. ಇರೋದ್ರಲ್ಲಿ ಬಿಳೇ ಪಂಚೆ ಉಟ್ಕಂಡು, ಬಸ್ ಹತ್ಕಂಡು, ಮೇಟಗಳ್ಳಿ ಕಾರ್ಖಾನೆ ಗೇಟ್ ತಾವ್ ಹೋಗಿ ನಿಂತ್ಕಂಡ್ರು. ನಿಮ್ಮಪ್ಪ ನಾಕ್ ಜನ ಜೊತೆಗಾರ್ರ ಜೊತೆ ಆಚೆ ಬಂದ. ಅವ್ರಲ್ಲೊಬ್ಬ ಯಾರಪ್ಪ ಇವ್ರು ಅಂದ. ನಿಮ್ಮಪ್ಪ, ನಮ್ಮೂರೋರು ಅಂದ. ಅಣ್ಣ ಅನ್ನಿಲ್ಲ. ನಿಮ್ ದೊಡ್ಡಪ್ಪ, ಹೂ ಕಣ್ರಪ್ಪ, ಊರೋರು, ಇಂಗೇ ಬಂದಿದ್ದೆ, ಮಾತಾಡುಸ್ಕಂಡು ಹೋಗ್ವ ಅಂತ ಅಂದ್ಬುಟ್ಟು, ಅದೇ ಬಸ್ಗೆ ವಾಪಸ್ ಬಂದ್ಬುಟ್ರು. ಬಂದು ಜಗ್ಲಿ ಮ್ಯಾಲೆ ಕುಂತ್ಕಂಡು, ಭೂಮಿ ಹೋದ್ರೆ ಹೋಗ್ಲಿ ಸಿದ್ದಿ, ಅಣ್ಣ ಅನ್ನೋದೂ ಹೋಯ್ತಲ್ಲ ಅಂದ್ರು. ಆಮೇಕೆ ಸಾಯೋಗಂಟ ಆ ಮಾತ ಎತ್ನಿಲ್ಲ.

ಇದ ಬರ್ಕೊ ಅಂದೆ. ನಿಮ್ಮಪ್ಪ ಪೆನ್ ಮಡುಗ್ಬುಟ್ಟು ಎದ್ದು ಆಚೆ ಹೋದ. ಕೊಳಾಯಿ ತಾವ್ ಮೊಕ ತೊಳ್ಕಂಡು ಬಂದ. ಬಂದು ಬರ್ದ. ಅದೂನೂವೆ ಬರ್ಕೊ ಅಂದೆ, ಬರೀತಾವ್ನೆ.

ಸೈಟ ತಕ್ಕಂಡೆ ಕಣವ್ವ. ಬ್ಯಾಡ ಅನ್ನಕೆ ನಾನೇನು ಸನ್ಯಾಸಿಯಾ. ಹೋದ್ ಬುಧವಾರ ರಿಜಿಸ್ಟ್ರಾಪೀಸ್ಗೆ ಕರ್ಕಂಡ್ ಹೋಗಿದ್ದ. ಅಲ್ಲಿ ಗುಮಾಸ್ತ ದಾನಪತ್ರ ಅಂತ ಓದ್ದ. ದಾನ ಅಲ್ಲ ಕಣಪ್ಪ, ನಮ್ದೇಯ ಅಂದೆ. ಕಾಗದಕ್ಕೆ ಅಂಗೇ ಬೇಕು ಕಣಜ್ಜಿ ಅಂದ. ಆಯ್ತು ಬುಡು, ಕಾಗದಕ್ಕೆ ಏನ್ ಗೊತ್ತಾಯ್ತದೆ ಅಂದ್ಬುಟ್ಟು ಹೆಬ್ಬೆಟ್ ಒತ್ತಿದೆ. ಈಗ ನನ್ ಹೆಸ್ರಲ್ಲದೆ. ಹೆಬ್ಬೆಟ್ಟಿನವಳ ಹೆಸ್ರಲ್ಲೇ ಅದೆ.

ನಿಮ್ಮಪ್ಪಂಗೆ ಬಸ್ಸಾರು ಮುದ್ದೆ ಇಕ್ದೆ. ಉಂಡ. ಮಂಡಿ ನೋವು ಅಂತ ನೆಲದ್ ಮ್ಯಾಲೆ ಕೂರಕಾಗ್ದು, ಕುರ್ಚಿ ತರುಸ್ದೆ. ಕ್ಷಮಿಸ್ಬುಟ್ಟೆ ಅಂತ ನಾನು ಹೇಳಕ್ಕಿಲ್ಲ. ಅದ ಹೇಳ್ಬೇಕಾದೋರು ಹೋದ್ರು. ಬತ್ತಾ ಇರು ಅಂದಿವ್ನಿ. ಭಾನುವಾರ ಬತ್ತೀನಿ ಅಂದವ್ನೆ.

ನಿನ್ ಮೇಕೆ ಈದಾಗ ಒಂದ್ ಹೋತದ ಮರಿಗೆ ನಿಮ್ ದೊಡ್ಡಪ್ಪನ ಹೆಸ್ರ ಮಡುಗು. ಪಾಲ್ ಬ್ಯಾಡ, ಹೆಸ್ರು ಕೂಗುದ್ರೆ ಸಾಕು.

ಹೆಬ್ಬೆಟ್ಟಿನ ಗುರುತು: ಸಿದ್ದಲಿಂಗಮ್ಮ

ಅವರು ಹೇಳಿದ್ದನ್ನು ಹೇಳಿದಂತೆಯೇ ಬರೆದು, ಓದಿ ಹೇಳಿ, ಸರಿಯಿದೆ ಎಂದ ಮೇಲೆ ಹೆಬ್ಬೆಟ್ಟು ಹಾಕಿಸಲಾಗಿದೆ.

ಬಿಕ್ಕಲಂ: ಸಣ್ಣಮಾದಯ್ಯ, ಚೆಲುವಯ್ಯನ ತಮ್ಮ